ಓದುಗರ ಪ್ರಶ್ನೆ: ಕಪ್ಪನ್ನು ಇನ್ನಷ್ಟು ಕಪ್ಪಾಗಿಸುವುದೇಕೆ?

ಪ್ರಶ್ನೆ: ಬೇಲೂರಿನಲ್ಲಿ 18 ವರ್ಷಗಳಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಎನ್ನದ ಗಿರಾಕಿಯೇ ಅಪರೂಪ. ಹಾಸನದಲ್ಲಿ ಚಿತ್ರಕಲೆ ಓದುತ್ತಿರುವ ಮಗಳು ಮೊನ್ನೆ ದಕ್ಷಿಣ ಆಫ್ರಿಕಾದ ಝನೇಲೆ ಮುಹೋಲಿಯವರು ತೆಗೆದ ಫೋಟೋಗಳನ್ನು ತೋರಿಸಿದಳು. ಅವರು ತಮ್ಮ ಮುಖವನ್ನು ಇರುವುದಕ್ಕಿಂತ ಕಪ್ಪಾಗಿಸಿದ್ದಾರೆ. ಇದೇಕೆ? ಇಂಥ ಕಲಾವಿದರಿಗೂ ನಮ್ಮ ನೆಲಕ್ಕೂ ಏನಾದರೂ ನಂಟಿದೆಯೇ?

ಉತ್ತರ: ನಿಮ್ಮ ಮಗಳು ತೋರಿಸಿದ್ದು ಮುಹೋಲಿ 2012ರಲ್ಲಿ ಆರಂಭಿಸಿದ ಚಿತ್ರಮಾಲೆಯಿರಬೇಕು. ಅದರ ಜುಲು ಭಾಷೆಯ ಹೆಸರಿಗೆ ‘ಕಪ್ಪು ಸಿಂಹಿಣಿಗೆ ಜಯವಾಗಲಿ’ ಎಂಬ ಅರ್ಥವಿದೆ. ಕಪ್ಪು-ಬಿಳುಪು ಚಿತ್ರದ ಕಾಂಟ್ರಾಸ್ಟ್ ಏರಿಸಿ ಅವರು ಮೈಬಣ್ಣವನ್ನು ಬೇಕೆಂದೇ ಗಾಢಗೊಳಿಸುತ್ತಾರೆ. ಆಗ ನಮ್ಮನ್ನು ದಿಟ್ಟಿಸುವ ಕಣ್ಣುಗಳ ಬಿಳುಪು ಎದ್ದು ಕಾಣುತ್ತದೆ. ಯಾವ ಬಣ್ಣದ ಕಾರಣಕ್ಕೆ ವರ್ಣಭೇದದ ಆಡಳಿತವು ತಮ್ಮವರನ್ನು ಕೀಳಾಗಿ ಕಂಡಿತೋ, ಅದೇ ಬಣ್ಣವನ್ನು ಅವರು ತಲೆಯೆತ್ತಿ ತಮ್ಮದೆನ್ನುತ್ತಾರೆ. ಅವರ ತಾಯಿ ಬೆಸ್ಟರ್ ದಶಕಗಳ ಕಾಲ ಬಿಳಿಯರ ಮನೆಗೆಲಸದಲ್ಲಿದ್ದವರು. ತಾಯಿಯ ಹೆಸರನ್ನೇ ಇಟ್ಟ 2015ರ ಚಿತ್ರವೊಂದರಲ್ಲಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಮುಹೋಲಿಯ ಮುಡಿಗೂ ಕಿವಿಗೂ ಒಡವೆಯಾಗಿವೆ.

ಕ್ಯಾಮೆರಾ ಕೂಡ ಎಲ್ಲ ಮೈಬಣ್ಣಗಳನ್ನು ಸಮನಾಗಿ ಕಂಡದ್ದಲ್ಲ. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣದ ಹದ ನೋಡಲು ಕಳುಹಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಬಹುಕಾಲ ಬಿಳಿಯ ಹೆಂಗಸಿನ ಮುಖವೇ ಇತ್ತು. ಅದಕ್ಕೆ ಹೊಂದಿಸಿದ ಮುದ್ರಣದಲ್ಲಿ ಕಪ್ಪು ಮುಖದ ಭಾವವೆಲ್ಲ ಮಸಿಯಾಗುತ್ತಿತ್ತು.

ನಿಮ್ಮ ವೃತ್ತಿಗೆ ಇನ್ನೂ ಹತ್ತಿರದವರು ಮಾಲಿ ದೇಶದ ಸೇದು ಕೇತಾ. 1948ರಲ್ಲಿ ಬಮಾಕೊ ನಗರದಲ್ಲಿ ಸ್ಟುಡಿಯೋ ತೆರೆದ ಅವರು ಮೊದಲಿಗೆ ಪರದೆಯಾಗಿ ಕಟ್ಟಿದ್ದು ತಮ್ಮದೇ ಹಾಸಿಗೆಯ ಮೇಲ್ಹೊದಿಕೆಯನ್ನು. ಹೆಚ್ಚಾಗಿ ಹಗಲಿನ ಬೆಳಕಿನಲ್ಲಿಯೇ ಚಿತ್ರ ತೆಗೆಯುತ್ತಿದ್ದರು. ಕೋಟು, ಕೈಗಡಿಯಾರ, ರೇಡಿಯೋಗಳನ್ನು ಗಿರಾಕಿಗಳಿಗಾಗಿಯೇ ಇಟ್ಟಿರುತ್ತಿದ್ದರು. ವಸಾಹತು ಆಡಳಿತದಲ್ಲಿದ್ದ ಜನ ತಾವು ಹೇಗೆ ಕಾಣಬೇಕೆಂಬುದನ್ನು ತಾವೇ ನಿರ್ಧರಿಸಿ ಕುಳಿತ ಆ ಚಿತ್ರಗಳಲ್ಲಿ, ಹೂಬಳ್ಳಿಯ ಪರದೆಯೂ ಉಟ್ಟ ಬಟ್ಟೆಯ ಚಿತ್ತಾರವೂ ಒಂದರೊಳಗೊಂದು ಬೆರೆತು, ನಡುವೆ ಮುಖವೊಂದೇ ನಿಚ್ಚಳವಾಗಿ ಉಳಿಯುವುದನ್ನು ನಾನು ಎಷ್ಟು ನೋಡಿದರೂ ದಣಿದಿಲ್ಲ.

ನಂಟಿನ ಬಗ್ಗೆ ಕೇಳಿದ್ದೀರಿ. ಸೆನೆಗಲ್‌ನ ಛಾಯಾಗ್ರಾಹಕ ಒಮರ್ ವಿಕ್ಟರ್ ಡಿಯೋಪ್ 2014ರಲ್ಲಿ ಆರಂಭಿಸಿದ ಮಾಲೆಯಲ್ಲಿ, ಆಫ್ರಿಕಾದ ಹೊರಗೆ ಹೆಸರು ಮಾಡಿದ ಆಫ್ರಿಕಾ ಮೂಲದವರ ವೇಷವನ್ನು ತಾವೇ ಧರಿಸಿದ್ದಾರೆ. ಅವರಲ್ಲಿ ಅಹ್ಮದ್‌ನಗರವನ್ನು ಆಳಿದ ಮಲಿಕ್ ಅಂಬರ್ ಒಬ್ಬ. ನಮ್ಮ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿದ್ದ ಇಖ್ಲಾಸ್ ಖಾನ್ ಇನ್ನೊಬ್ಬ. ಯಲ್ಲಾಪುರ, ಹಳಿಯಾಳಗಳ ಸಿದ್ದಿ ಸಮುದಾಯದ ಮೂಲವೂ ಆಫ್ರಿಕಾವೇ.

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ತಂಗಿಯ ಮದುವೆಯ ಆಲ್ಬಮ್ ಇದೆ. ಅದರಲ್ಲಿ ಅವಳ ಮುಖ ಸುಣ್ಣ ಬಳಿದಂತಿದೆ. ಮದರಂಗಿಯ ಕೈಗಳು ಮಾತ್ರ ಅವಳವೇ ಎಂದು ಗುರುತು ಸಿಗುತ್ತದೆ. ಆ ನೋವಿನಿಂದಲೇ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ: ಕಪ್ಪು ಮೈಬಣ್ಣದವರು ಬಂದಾಗ ಎದುರಿನಿಂದ ಫ್ಲ್ಯಾಶ್ ಹೊಡೆಯದೆ, ಪಕ್ಕದ ಕಿಟಕಿಯ ಬೆಳಕಿಗೆ ಕೂರಿಸಿ, ಬೆಳಕಿನ ಅಳತೆಯನ್ನು ಅವರ ಕೆನ್ನೆಯ ಮೇಲೆಯೇ ತೆಗೆದುಕೊಳ್ಳಿ. ಬೆಳ್ಳಗೆ ಮಾಡಿದ ಪ್ರತಿಯ ಜೊತೆಗೆ, ತಿದ್ದದ ಪ್ರತಿಯೊಂದನ್ನೂ ಮುದ್ರಿಸಿ ಅವರ ಕೈಗಿಡಿ.