ಉತ್ತರ ಬಾರದ ಮೆಸೇಜು, ನಿದ್ದೆ ಬಾರದ ರಾತ್ರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದ್ದಕ್ಕಿದ್ದಂತೆ ಮುರಿದುಬಿದ್ದ ಸಂಬಂಧದ ಬಗ್ಗೆಯೇ ಇದ್ದವು. ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಬರೆದವರ ಗುರುತು ಸಿಗದಂತೆ ಊರು, ಕೆಲಸ ಬದಲಿಸಿದ್ದೇವೆ.

ಪ್ರಶ್ನೆ: ನನಗೆ 26 ವರ್ಷ, ಬ್ಯಾಂಕಿನಲ್ಲಿ ಕೆಲಸ. ನಾಲ್ಕು ವರ್ಷ ಪ್ರೀತಿಸಿದವನು ಹೋದ ತಿಂಗಳು ಒಂದು ಭಾನುವಾರ ರಾತ್ರಿ ‘ನನ್ನಿಂದ ಇನ್ನು ಆಗಲ್ಲ, ಕ್ಷಮಿಸು’ ಅಂತ ವಾಟ್ಸ್‌ಆ್ಯಪ್ ಮಾಡಿದ. ಅಷ್ಟೇ. ಹಿಂದಿನ ವಾರವಷ್ಟೇ ಅವನ ತಂಗಿ ಮದುವೆಗೆ ಇಬ್ಬರೂ ಸೇರಿ ಸೀರೆ ಆರಿಸಿದ್ದೆವು. ಈಗ ಫೋನ್ ಎತ್ತುವುದಿಲ್ಲ. ದಿನಕ್ಕೆ ಮೂವತ್ತು ನಲವತ್ತು ಸಲ ಅವನ ಲಾಸ್ಟ್ ಸೀನ್ ನೋಡುತ್ತೇನೆ. ರಾತ್ರಿ ಮೂರಾದರೂ ನಿದ್ದೆ ಇಲ್ಲ. ಕಾರಣ ಗೊತ್ತಾದರೆ ಸಮಾಧಾನ ಆಗಬಹುದು ಅನಿಸುತ್ತದೆ. ಅವನ ಮನೆಗೇ ಹೋಗಿ ಕೇಳಿಬಿಡಲೇ? (ಮೈಸೂರು)

ಉತ್ತರ: ಹೋಗಬೇಡಿ. ಬಾಗಿಲು ತೆಗೆಯುವವರು ಅವನ ತಾಯಿ ಇರಬಹುದು, ತಂಗಿ ಇರಬಹುದು. ಅವರೆದುರು ಅವನು ಹೇಳುವುದು ಆ ಹೊತ್ತನ್ನು ಹೇಗಾದರೂ ಮುಗಿಸುವ ಮಾತೇ ಹೊರತು ಕಾರಣವಲ್ಲ. ‘ನೀನು ತುಂಬಾ ಒಳ್ಳೆಯವಳು, ತಪ್ಪೆಲ್ಲ ನನ್ನದೇ’ ಅನ್ನುತ್ತಾನೆ. ಆ ಒಂದು ವಾಕ್ಯವನ್ನು ನೀವು ಇನ್ನೊಂದು ತಿಂಗಳು ತಿರುವಿ ಹಾಕುತ್ತೀರಿ. ಬಿಟ್ಟು ಹೋಗುವವರು ಸಾಮಾನ್ಯವಾಗಿ ತಿಂಗಳುಗಟ್ಟಲೆ ಒಳಗೊಳಗೇ ಯೋಚಿಸಿ, ಅತ್ತು, ತೀರ್ಮಾನ ಮಾಡಿಕೊಂಡ ಮೇಲೆಯೇ ಬಾಯಿ ಬಿಡುತ್ತಾರೆ. ಅವರ ಸಂಕಟ ಅರ್ಧ ಕರಗಿದ ಹೊತ್ತಿಗೆ ನಿಮ್ಮದು ಶುರುವಾಗುತ್ತದೆ. ಅವನು ಕಲ್ಲುಮನಸ್ಸಿನವನಂತೆ ಕಾಣುತ್ತಿರುವುದು ಬಹುಪಾಲು ಇದರಿಂದ. ಸೀರೆ ಆರಿಸಿದ ದಿನ ಅವನು ಬರೀ ನಾಟಕ ಆಡಿದ ಅಂತಲೂ ಅಲ್ಲ. ಎರಡು ಮನಸ್ಸಿನಲ್ಲಿರುವವರು ಹಾಗೆಯೇ ಇರುತ್ತಾರೆ.

ಕೇಳಲೇಬೇಕು ಅನಿಸಿದರೆ ಒಂದೇ ಒಂದು ಸಲ, ಬರವಣಿಗೆಯಲ್ಲಿ ಕೇಳಿ. ಮೊದಲು ಕಾಗದದ ಮೇಲೆ ಬರೆಯಿರಿ, 24 ಗಂಟೆ ಹಾಗೇ ಬಿಡಿ, ಮರುದಿನ ಹಗಲು ಹೊತ್ತಿನಲ್ಲಿ ಕಳಿಸಿ. ರಾತ್ರಿ ಒಂಬತ್ತರ ಮೇಲೆ ಕಳಿಸಿದ ಮೆಸೇಜು ಉತ್ತರ ಬರುವ ತನಕ ಮಲಗಲು ಬಿಡುವುದಿಲ್ಲ. ಮೂರು ವಾಕ್ಯ ಸಾಕು: ‘ನಿನ್ನ ತೀರ್ಮಾನ ಓದಿದೆ. ಕಾರಣ ಹೇಳಬೇಕು ಅನಿಸಿದರೆ ಬರುವ ಭಾನುವಾರದೊಳಗೆ ಹೇಳು. ಆಮೇಲೆ ನಾನು ಈ ಮಾತು ಮತ್ತೆ ಎತ್ತುವುದಿಲ್ಲ.’ ಬೈಗುಳ ಬೇಡ, ಅಂಗಲಾಚುವುದೂ ಬೇಡ. ಭಾನುವಾರ ಕಳೆದರೆ ಆ ಮೌನವನ್ನೇ ಉತ್ತರ ಅಂದುಕೊಳ್ಳಿ. ಎರಡನೇ ಮೆಸೇಜು ಕಳಿಸಿದರೆ ಮೊದಲನೆಯದರ ಗಡುವಿಗೆ ಬೆಲೆ ಉಳಿಯುವುದಿಲ್ಲ.

ಈಗ ಫೋನಿನ ವಿಷಯ. ನಿಮ್ಮನ್ನು ಹಿಂಡುತ್ತಿರುವುದು ಅವನಿಗಿಂತ ಹೆಚ್ಚಾಗಿ ಇದೇ. 2010ರಲ್ಲಿ ಅಮೆರಿಕದ ಸಂಶೋಧಕಿ ಹೆಲೆನ್ ಫಿಶರ್ ಮತ್ತು ಸಂಗಡಿಗರು, ಪ್ರೀತಿಸಿದವರು ಬಿಟ್ಟುಹೋಗಿದ್ದ 15 ಜನರಿಗೆ ಅದೇ ವ್ಯಕ್ತಿಯ ಫೋಟೊ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಕೊಕೇನ್ ಚಟದವರಲ್ಲಿ ‘ಬೇಕು’ ಎಂಬ ತವಕ ಎದ್ದಾಗ ಚುರುಕಾಗುವ ಭಾಗಗಳೇ ಇವರಲ್ಲೂ ಚುರುಕಾಗಿದ್ದವು. ನೀವು ನಲವತ್ತು ಸಲ ನೋಡುವುದು ಹುಚ್ಚೂ ಅಲ್ಲ, ದೌರ್ಬಲ್ಯವೂ ಅಲ್ಲ. ಮೂವತ್ತೊಂಬತ್ತು ಸಲ ಏನೂ ಸಿಗುವುದಿಲ್ಲ, ಒಂದು ಸಲ ‘ಆನ್‌ಲೈನ್’ ಅಂತ ಕಾಣುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಆ ಒಂದು ಸಲವೇ ಕೈಯನ್ನು ಮತ್ತೆ ಫೋನಿಗೆ ಎಳೆಯುತ್ತದೆ. ಹಳೆಯ ಸಂಗಾತಿಯ ಫೇಸ್‌ಬುಕ್ ಪುಟ ಇಣುಕುತ್ತಿರುವವರಲ್ಲಿ ಸಂಕಟ, ಹಂಬಲ ಹೆಚ್ಚಿರುತ್ತದೆ ಎಂದು 2012ರ ಒಂದು ಬ್ರಿಟಿಷ್ ಅಧ್ಯಯನವೂ ತೋರಿಸಿದೆ.

ಇವತ್ತೇ ಮಾಡಬೇಕಾದ್ದು ಇದು. ವಾಟ್ಸ್‌ಆ್ಯಪ್‌ನಲ್ಲಿ ಅವನ ಚಾಟ್ ಪಿನ್ ಆಗಿದ್ದರೆ ತೆಗೆಯಿರಿ, ಮ್ಯೂಟ್ ಮಾಡಿ, ಆರ್ಕೈವ್‌ಗೆ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಚಾಟ್‌ಗಳು ಆರ್ಕೈವ್‌ನಲ್ಲೇ ಇರಲಿ ಎಂಬ ಆಯ್ಕೆ ಆನ್ ಇದೆಯೇ ನೋಡಿ. ಇಲ್ಲದಿದ್ದರೆ ಹೊಸ ಮೆಸೇಜು ಬಂದ ಕೂಡಲೇ ಅದು ಮತ್ತೆ ಮೇಲೆ ಬಂದು ಕೂರುತ್ತದೆ. ನಿಮ್ಮ ಲಾಸ್ಟ್ ಸೀನ್ ಅನ್ನೇ ಮುಚ್ಚಿಡಿ: ಎಲ್ಲರಿಂದ ಮುಚ್ಚಿಟ್ಟರೆ ಬೇರೆಯವರದ್ದು ನಿಮಗೂ ಕಾಣುವುದಿಲ್ಲ, ನಿಮಗೆ ಬೇಕಿರುವುದೂ ಅದೇ. ಇನ್‌ಸ್ಟಾಗ್ರಾಂನಲ್ಲಿ ಮ್ಯೂಟ್ ಮಾಡಿ ನೋಡಿ. ಒಂದು ವಾರವಾದರೂ ನೀವೇ ಹುಡುಕಿಕೊಂಡು ಹೋಗಿ ನೋಡುತ್ತಿದ್ದರೆ ಬ್ಲಾಕ್ ಮಾಡಿ, ಸಂಕೋಚ ಬೇಡ. ಗೂಗಲ್ ಮ್ಯಾಪ್ಸ್‌ನಲ್ಲಿ ಒಬ್ಬರಿಗೊಬ್ಬರು ಲೊಕೇಶನ್ ಹಂಚಿಕೊಂಡಿದ್ದರೆ ನಿಲ್ಲಿಸಿ. ಅವನಿಗೆ ಗೊತ್ತಿರುವ ಪಾಸ್‌ವರ್ಡ್, ಯುಪಿಐ ಪಿನ್ ಬದಲಿಸಿ, ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಅವನ ಲ್ಯಾಪ್‌ಟಾಪ್ ಉಳಿದಿದೆಯೇ ನೋಡಿ.

ಫೋಟೊಗಳನ್ನು ಕೋಪದಲ್ಲಿ ಒಮ್ಮೆಗೇ ಅಳಿಸಬೇಡಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದು ಅಳಿಸಿದ ಮೇಲೂ 60 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಮಧ್ಯರಾತ್ರಿ ಎದ್ದು ಅದರೊಳಗೆ ಕೈಯಾಡಿಸುವವರೇ ಹೆಚ್ಚು. ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಗೆಳತಿಯ ಕೈಗೆ ಕೊಡಿ, ಆಮೇಲೆ ಫೋನಿನಿಂದ ತೆಗೆಯಿರಿ. ‘ಎರಡು ವರ್ಷದ ಹಿಂದೆ ಇದೇ ದಿನ’ ಅಂತ ಫೋಟೊ ಎದುರಿಗೆ ಬರದಂತೆ ಮೆಮೊರೀಸ್ ಸೆಟ್ಟಿಂಗ್ಸ್‌ನಲ್ಲಿ ಅವನ ಮುಖ ಮರೆಮಾಡಬಹುದು.

ಇಷ್ಟಾದರೂ ನೋಡಬೇಕು ಅನಿಸುತ್ತದೆ. ಆಗ ಒಂದು ಚೀಟಿಯಲ್ಲಿ ಗಂಟೆ ಬರೆದು, ಫೋನನ್ನು ಬೇರೆ ಕೋಣೆಯಲ್ಲಿಟ್ಟು 20 ನಿಮಿಷ ಕಳೆಯಿರಿ. ಪಾತ್ರೆ ತೊಳೆಯಿರಿ, ಮಹಡಿ ಹತ್ತಿಳಿಯಿರಿ. ತವಕ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ನಲವತ್ತು ಇಪ್ಪತ್ತಾದರೆ ಅದೇ ಈ ವಾರದ ಗೆಲುವು. ನಡುವೆ ಒಂದು ದಿನ ಜಾರಿ ಇಡೀ ರಾತ್ರಿ ಹಳೆಯ ಚಾಟ್ ಓದಿದಿರಿ ಅಂದುಕೊಳ್ಳಿ, ಹಿಂದಿನ ಹತ್ತು ದಿನ ನೀರಿಗೆ ಹೋಗುವುದಿಲ್ಲ. ಭಾನುವಾರ, ಹಬ್ಬ, ಅವನ ಹುಟ್ಟುಹಬ್ಬ, ಆ ತಂಗಿಯ ಮದುವೆಯ ದಿನ ಹೆಚ್ಚು ಕಷ್ಟ. ಆ ದಿನಗಳಿಗೆ ಮೊದಲೇ ಯಾರದಾದರೂ ಮನೆಯಲ್ಲಿ ಊಟಕ್ಕೆ ಹೇಳಿಸಿಕೊಂಡಿರಿ.

ನಿದ್ದೆಗೆ: ಮಲಗುವ ಹೊತ್ತು ನಿಮ್ಮ ಕೈಲಿಲ್ಲ, ಏಳುವ ಹೊತ್ತು ಇದೆ. ಮೂರಕ್ಕೆ ಮಲಗಿದರೂ ಆರೂವರೆಗೆ ಎದ್ದು ಬಿಸಿಲಿಗೆ ಬನ್ನಿ. ಮಧ್ಯಾಹ್ನ 2ರ ಮೇಲೆ ಕಾಫಿ ಬೇಡ. ಹಾಸಿಗೆಯಲ್ಲಿ 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಕೂತು, ಕಣ್ಣು ಎಳೆದಾಗ ಮಾತ್ರ ವಾಪಸ್ ಹೋಗಿ. ಫೋನ್ ಚಾರ್ಜಿಗೆ ಹಾಕುವ ಜಾಗ ಹಾಲ್, ತಲೆದಿಂಬಿನ ಪಕ್ಕ ಅಲ್ಲ. ಊಟ ಸೇರದಿದ್ದರೆ ಮೂರು ಗಂಟೆಗೊಮ್ಮೆ ಗಂಜಿ, ಮೊಸರನ್ನ, ಬಾಳೆಹಣ್ಣು, ಯಾವುದಾದರೂ ಸರಿ.

‘ಮನಸ್ಸಿನಲ್ಲಿರುವುದನ್ನೆಲ್ಲ ಬರೆದು ಹಗುರಾಗಿ’ ಅಂತ ಯಾರಾದರೂ ಹೇಳಿರಬಹುದು. ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯುವ ಈ ಕ್ರಮ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ 1986ರ ಪ್ರಯೋಗದಿಂದ ಬಂದದ್ದು, ಹಲವರಿಗೆ ಒಗ್ಗಿದೆ. ಆದರೆ ಗಂಡಹೆಂಡತಿ ಬೇರೆಯಾದವರ ಮೇಲೆ ನಡೆದ 2013ರ ಅಧ್ಯಯನವೊಂದರಲ್ಲಿ, ‘ಯಾಕೆ ಹೀಗಾಯಿತು’ ಎಂದು ಸದಾ ಅರ್ಥ ಹುಡುಕುವ ಸ್ವಭಾವದವರು ಹೀಗೆ ಆಳವಾಗಿ ಬರೆದಾಗ ಚೇತರಿಕೆ ಹಿಂದೆ ಬಿತ್ತು. ದಿನದಲ್ಲಿ ಏನೇನು ಮಾಡಿದೆ ಎಂದಷ್ಟೇ ಬರೆದಾಗ ಅವರೇ ಚೆನ್ನಾಗಿದ್ದರು. ನಿಮ್ಮ ಪತ್ರದ ತುಂಬ ಇರುವುದು ‘ಯಾಕೆ’. ನಿಮಗೆ ಎರಡನೆಯದೇ ಸರಿ: ಎದ್ದಿದ್ದು ಎಷ್ಟಕ್ಕೆ, ತಿಂದದ್ದೇನು, ಯಾರ ಜೊತೆ ಮಾತಾಡಿದೆ. ದಿನಕ್ಕೆ ಆರೇಳು ಸಾಲು ಸಾಕು.

ಪ್ರಶ್ನೆ: ವಯಸ್ಸು 29, ಸಾಫ್ಟ್‌ವೇರ್ ಕೆಲಸ. ನಾನೂ ಅವಳೂ ಒಂದೇ ಟೀಮ್, ಒಂದೇ ಫ್ಲ್ಯಾಟ್. ಹದಿನೈದು ದಿನದ ಹಿಂದೆ ಬೇರೆಯಾಗೋಣ ಅಂದು ಗೆಳತಿಯ ಮನೆಗೆ ಹೋದಳು. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇದೆ. ರಾತ್ರಿ ಕುಡಿಯದೆ ಮಲಗಲು ಆಗುತ್ತಿಲ್ಲ. ಕೆಲಸ ಬಿಡಬೇಕೆಂದಿದ್ದೇನೆ. (ಬೆಂಗಳೂರು)

ಉತ್ತರ: ಕೆಲಸ ಮೂರು ತಿಂಗಳು ಬಿಡಬೇಡಿ. ಸಂಬಂಧ, ಮನೆ, ಸಂಬಳ ಮೂರೂ ಒಟ್ಟಿಗೆ ಹೋದರೆ ಬೆಳಿಗ್ಗೆ ಏಳಲು ಕಾರಣವೇ ಇಲ್ಲವಾಗುತ್ತದೆ. ಮ್ಯಾನೇಜರಿಗೆ ಒಂದು ಸಾಲು ಹೇಳಿ: ‘ವೈಯಕ್ತಿಕ ಕಾರಣಕ್ಕೆ ಕೆಲವು ವಾರ ಬೇರೆ ಮಾಡ್ಯೂಲ್ ಸಿಕ್ಕರೆ ಅನುಕೂಲ.’ ಅವಳ ಹೆಸರು ಎತ್ತಬೇಡಿ. ಅವಳೊಂದಿಗೆ ಕೆಲಸದ ಮಾತು ಮೇಲ್‌ನಲ್ಲಿ ಅಥವಾ ಗ್ರೂಪಿನಲ್ಲಿ ಇರಲಿ, ಊಟದ ಹೊತ್ತು ಅರ್ಧ ಗಂಟೆ ಆಚೀಚೆ ಮಾಡಿಕೊಳ್ಳಿ. ಸಹೋದ್ಯೋಗಿಗಳನ್ನು ನಿಮ್ಮ ಕಡೆ, ಅವಳ ಕಡೆ ಎಂದು ಹಂಚಿಕೊಳ್ಳಲು ಹೋಗಬೇಡಿ.

ಫ್ಲ್ಯಾಟಿಗೆ ಮೊದಲು ಕರಾರು ತೆಗೆದು ನೋಟಿಸ್ ಅವಧಿ ನೋಡಿ, ಸಾಮಾನ್ಯವಾಗಿ ಒಂದು ತಿಂಗಳು ಇರುತ್ತದೆ. ನೀವೇ ಉಳಿಯುವುದಾದರೆ ಮಾಲೀಕರ ಬಳಿ ನಿಮ್ಮೊಬ್ಬರ ಹೆಸರಲ್ಲಿ ಹೊಸ ಕರಾರು ಮಾಡಿಸಿ, ಅಡ್ವಾನ್ಸಿನಲ್ಲಿ ಅವಳ ಪಾಲನ್ನು ಈಗಲೇ ಬ್ಯಾಂಕಿನ ಮೂಲಕ ಹಾಕಿ. ಪೇಂಟಿಂಗ್ ಖರ್ಚೆಂದು ಮಾಲೀಕರು ಕೊನೆಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ಮಾಮೂಲು, ಆ ಲೆಕ್ಕವನ್ನೂ ಮೊದಲೇ ಬರೆದುಕೊಳ್ಳಿ. ಫ್ರಿಜ್, ವಾಷಿಂಗ್ ಮೆಷಿನ್ ಹಂಚುವಾಗ ಕೊಂಡ ಬೆಲೆ ಹಿಡಿಯಬೇಡಿ, ಇವತ್ತು ಸೆಕೆಂಡ್ ಹ್ಯಾಂಡಿಗೆ ಎಷ್ಟು ಬರುತ್ತದೋ ಅದರ ಅರ್ಧ ಹಿಡಿಯಿರಿ. ಜಗಳ ಹತ್ತುವುದು ಇಲ್ಲಿಯೇ. ಅವಳ ಸಾಮಾನು ಒಂದೇ ದಿನ, ಇಬ್ಬರಿಗೂ ಬೇಕಾದ ಒಬ್ಬ ಗೆಳೆಯನ ಮುಂದೆ ಹೋಗಲಿ. ಕಂತು ಕಂತಾಗಿ ಬಂದು ಒಯ್ಯುವುದು ಬೇಡ. ಪ್ರತಿ ಸಲವೂ ಗಾಯ ಕೆರೆದಂತಾಗುತ್ತದೆ.

ಕುಡಿತದ ಬಗ್ಗೆ ಖಡಾಖಂಡಿತ ಹೇಳುತ್ತೇವೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಕೆಡಿಸುತ್ತದೆ. ಮೂರಕ್ಕೆ ಎಚ್ಚರವಾಗುವುದು ಅದರಿಂದಲೇ, ಅವಳಿಗೆ ಮೆಸೇಜು ಹೋಗುವುದೂ ಆ ಹೊತ್ತಿಗೇ. ಮನೆಯಲ್ಲಿ ಬಾಟಲಿ ಇಡಬೇಡಿ. ಬಿಟ್ಟಾಗ ಕೈ ನಡುಗಿದರೆ, ಬೆವರು ಕಿತ್ತರೆ ತಾವಾಗಿಯೇ ನಿಲ್ಲಿಸಲು ಹೋಗದೆ ವೈದ್ಯರನ್ನು ಕಾಣಿ. ಗಂಡಸರು ಇಂಥ ನೋವನ್ನು ಪ್ರೇಯಸಿಯೊಬ್ಬಳ ಬಳಿಯೇ ಹೇಳಿಕೊಂಡು ಅಭ್ಯಾಸವಾಗಿರುತ್ತದೆ, ಅವಳೇ ಹೋದಾಗ ಹೇಳಲು ಯಾರೂ ಇರುವುದಿಲ್ಲ. ಅಣ್ಣನೋ ಹಳೆಯ ರೂಮ್‌ಮೇಟೋ, ಒಬ್ಬರಿಗೆ ಇವತ್ತೇ ಫೋನ್ ಮಾಡಿ.

ಪ್ರಶ್ನೆ: ಮಗಳ ಮದುವೆಗೆ ಐದು ವಾರ ಇರುವಾಗ ಗಂಡಿನ ಕಡೆಯವರು ಬೇಡ ಅಂದುಬಿಟ್ಟರು. ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಲಗ್ನಪತ್ರಿಕೆ ಹಂಚಿದ್ದೇವೆ. ಅದೇ ಮುಹೂರ್ತಕ್ಕೆ ಬೇರೆ ಗಂಡು ನೋಡಿ ಅಂತ ನೆಂಟರು ಹೇಳುತ್ತಿದ್ದಾರೆ. ಮಗಳು ಕೋಣೆ ಬಿಟ್ಟು ಬರುವುದಿಲ್ಲ. ನನಗೂ ಎರಡು ದಿನದಿಂದ ಎದೆ ಹಿಡಿದಂತಿದೆ. ವಯಸ್ಸು 58. (ದಾವಣಗೆರೆ)

ಉತ್ತರ: ಅಮ್ಮ, ಮೊದಲು ನಿಮ್ಮ ಎದೆ. ಈ ಪುಟ ಮುಚ್ಚಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಸಂಕಟಕ್ಕೆ ಹಾಗಾಗಿದೆ ಅಂತ ತಳ್ಳಿಹಾಕಬೇಡಿ. ದೊಡ್ಡ ಆಘಾತದ ಬೆನ್ನಿಗೆ ಹೃದಯಾಘಾತದಂತೆಯೇ ಕಾಣಿಸಿಕೊಳ್ಳುವ ಟಾಕೊಟ್ಸುಬೊ ಎಂಬ ತೊಂದರೆಯೊಂದಿದೆ. ಜಪಾನಿನ ವೈದ್ಯರು 1990ರಲ್ಲಿ ಅದನ್ನು ಮೊದಲು ವಿವರಿಸಿದರು. ಮುಟ್ಟು ನಿಂತ ಹೆಂಗಸರಲ್ಲೇ ಅದು ಹೆಚ್ಚು. ನಿಜವಾದ ಹೃದಯಾಘಾತವೂ ಇರಬಹುದು, ನೋಡದೆ ಗೊತ್ತಾಗುವುದಿಲ್ಲ.

ಅದೇ ಮುಹೂರ್ತಕ್ಕೆ ಇನ್ನೊಬ್ಬ ಗಂಡು ಅನ್ನುವ ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಮಂಟಪದ ದುಡ್ಡು ಉಳಿಸಲು ಮಗಳ ಬಾಳನ್ನು ಅವಸರಕ್ಕೆ ಒಡ್ಡುವುದು ದೊಡ್ಡ ತಪ್ಪು. ನೆಂಟರಿಗೆಲ್ಲ ನೀವೇ ಹೇಳುತ್ತ ಕೂರದೆ ಸೋದರಮಾವನಂಥ ಒಬ್ಬರಿಗೆ ವಹಿಸಿ, ಹೇಳುವ ಮಾತು ಒಂದೇ ಇರಲಿ: ‘ಮದುವೆ ನಿಂತಿದೆ, ನಾವು ಚೆನ್ನಾಗಿದ್ದೇವೆ, ಕಾರಣ ಕೇಳಬೇಡಿ.’ ಮಂಟಪದ ರಸೀದಿಯ ಹಿಂದೆ ರದ್ದತಿ ಷರತ್ತು ಅಚ್ಚಾಗಿರುತ್ತದೆ. ದಿನ ಹತ್ತಿರವಾದಷ್ಟೂ ವಾಪಸ್ ಬರುವ ಹಣ ಕಡಿಮೆ, ಹಾಗಾಗಿ ಇಂದೇ ಬರೆದುಕೊಡಿ. ಆ ದಿನಕ್ಕೆ ಬೇರೆ ಪಾರ್ಟಿ ಸಿಕ್ಕರೆ ಪೂರ್ತಿ ಕೊಡುತ್ತೀರಾ ಅಂತಲೂ ಕೇಳಿ. ಅಡುಗೆ, ಫೋಟೊ, ಡೆಕೊರೇಶನ್‌ನವರಿಗೂ ಹೀಗೆಯೇ. ನಿಶ್ಚಿತಾರ್ಥದಲ್ಲಿ ಕೊಟ್ಟು ತೆಗೆದುಕೊಂಡ ಉಂಗುರ, ಸೀರೆ, ಬೆಳ್ಳಿ ಸಾಮಾನನ್ನು ಪಟ್ಟಿ ಮಾಡಿ, ಎರಡೂ ಕಡೆಯ ಹಿರಿಯರು ಸಹಿ ಹಾಕಿ, ಫೋಟೊ ತೆಗೆದು ಹಿಂದಿರುಗಿಸಿ. ಆ ಕೂಟದಲ್ಲಿ ಮಗಳು ಇರಬೇಕಾಗಿಲ್ಲ.

ಮಗಳ ಕೋಣೆಗೆ ದಿನಕ್ಕೆ ಎರಡು ಸಲ ತಟ್ಟೆ ಹಿಡಿದು ಹೋಗಿ, ಹತ್ತು ನಿಮಿಷ ಸುಮ್ಮನೆ ಕೂತು ಬನ್ನಿ. ‘ಒಳ್ಳೆಯದೇ ಆಯಿತು ಬಿಡು’ ಅನ್ನಬೇಡಿ. ‘ಬದುಕಿದ್ದು ಏನು’ ಅನ್ನುವಂಥ ಮಾತು ಆಡಿದರೆ, ತನ್ನ ವಸ್ತುಗಳನ್ನು ಹಂಚತೊಡಗಿದರೆ, ಮಾತ್ರೆ ಕೂಡಿಡುತ್ತಿದ್ದರೆ, ‘ಸಾಯಬೇಕು ಅನಿಸುತ್ತಿದೆಯಾ ಮಗಳೇ’ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಬಚ್ಚಿಟ್ಟಿದ್ದು ಹೊರಬರುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮಾತ್ರೆ, ಕೀಟನಾಶಕ ಕೈಗೆ ಸಿಗದಂತೆ ಮಾಡಿ, 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು. ಮುಂದಿನ ಜಾತಕದ ಮಾತು ಅವಳಾಗಿಯೇ ಎತ್ತುವ ತನಕ ಬೇಡ.

ಪ್ರಶ್ನೆ: ಕಾಲೇಜಿನಲ್ಲಿದ್ದೇನೆ, 21 ವರ್ಷ. ಸಂಬಂಧ ಮುರಿದದ್ದು ಅವನೇ. ಈಗ ಮತ್ತೆ ಬರದಿದ್ದರೆ ನನ್ನ ಖಾಸಗಿ ಫೋಟೊ ಹಾಕುತ್ತೇನೆ ಅನ್ನುತ್ತಿದ್ದಾನೆ. (ಹುಬ್ಬಳ್ಳಿ)

ಉತ್ತರ: ಬ್ಲಾಕ್ ಮಾಡುವ ಮೊದಲು ಬೆದರಿಕೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರು, ದಿನಾಂಕ, ಗಂಟೆ ಕಾಣಬೇಕು. ಚಾಟ್ ಅಳಿಸಬೇಡಿ, ಹಣ ಕೊಡಬೇಡಿ, ಒಬ್ಬಳೇ ಭೇಟಿಗೆ ಹೋಗಬೇಡಿ. ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಎಂಬ ತಾಣದಲ್ಲಿ ನಿಮ್ಮ ಫೋಟೊದ ಡಿಜಿಟಲ್ ಗುರುತನ್ನಷ್ಟೇ ದಾಖಲಿಸಬಹುದು. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಅದನ್ನು ಹಾಕಲು ಹೋದರೆ ತಡೆಯಲು ಆ ಗುರುತು ನೆರವಾಗುತ್ತದೆ. ದೂರನ್ನು ಸೈಬರ್ ಠಾಣೆಯಲ್ಲಿ ಕೊಡಬಹುದು, ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿಯೂ ದಾಖಲಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ, ಇಂಥ ಚಿತ್ರ ತೆಗೆಯಲು ನೀವು ಒಪ್ಪಿದ್ದರೂ ಹಂಚಲು ಒಪ್ಪಿಲ್ಲದಿದ್ದರೆ ಹಂಚುವುದು ಅಪರಾಧ, ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಮನೆಯಲ್ಲಿ ಒಬ್ಬರಿಗಾದರೂ ಇವತ್ತು ಹೇಳಿ. ಅವನ ಕೈಯಲ್ಲಿರುವ ಬಲವೆಲ್ಲ ‘ಮನೆಯಲ್ಲಿ ಗೊತ್ತಾದರೆ’ ಎಂಬ ನಿಮ್ಮ ಭಯದಲ್ಲಿದೆ.

ಪ್ರಶ್ನೆ: ಅವಳು ಬಿಟ್ಟುಹೋಗಿ ಏಳು ತಿಂಗಳಾಯಿತು. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ನಾನು ತಯಾರಾಗಿದ್ದೇನೋ ಇಲ್ಲವೋ ಹೇಗೆ ತಿಳಿಯಲಿ? ನೋಡಲು ಹೋದ ಹುಡುಗಿಗೆ ಹಳೆಯದನ್ನು ಹೇಳಬೇಕೇ? (ಶಿವಮೊಗ್ಗ)

ಉತ್ತರ: ತಿಂಗಳು ಎಣಿಸಿದರೆ ತಿಳಿಯುವುದಿಲ್ಲ. ಹಳೆಯವಳ ಮದುವೆ ಸುದ್ದಿ ನಾಳೆ ಕಿವಿಗೆ ಬಿದ್ದರೆ ಆ ದಿನದ ಕೆಲಸ ಮಾಡಿಕೊಂಡು ಹೋಗಬಲ್ಲಿರಾ? ಹೊಸಬಳು ಮಾತಾಡುವಾಗ ಅವಳ ಮಾತು ಕೇಳಿಸುತ್ತದೆಯೇ, ಇಲ್ಲ ಪ್ರತಿ ಮಾತಿಗೂ ಹಳೆಯವಳ ಜೊತೆ ತಾಳೆ ಹಾಕುತ್ತಿದ್ದೀರಾ? ‘ಅವಳಿಗೆ ತೋರಿಸುತ್ತೇನೆ’ ಎಂಬ ಹಟ ಒಳಗೆಲ್ಲೋ ಇದ್ದರೆ ಮನೆಯವರಿಂದ ಇನ್ನಾರು ತಿಂಗಳು ಕೇಳಿಕೊಳ್ಳಿ. ಹೇಳುವುದಂತೂ ಹೇಳಲೇಬೇಕು. ಹೆಣ್ಣು ನೋಡುವ ಶಾಸ್ತ್ರದ ದಿನ ಹಿರಿಯರೆದುರು ಬೇಡ. ಇಬ್ಬರೇ ಕೂತು ಮಾತಾಡುವ ಎರಡನೇ ಭೇಟಿಯಲ್ಲಿ, ತಾಂಬೂಲ ಬದಲಾಯಿಸುವ ಮೊದಲು: ‘ನನಗೆ ಹಿಂದೆ ಒಂದು ಸಂಬಂಧ ಇತ್ತು, ಎರಡು ವರ್ಷ ನಡೆಯಿತು, ಮುಗಿದಿದೆ, ಈಗ ಮಾತುಕತೆ ಇಲ್ಲ.’ ಹಳೆಯವಳ ಹೆಸರು, ಫೋಟೊ, ದೂರು ಯಾವುದೂ ಅದರಲ್ಲಿ ಇರಕೂಡದು. ಅವಳು ಇನ್ನಷ್ಟು ಕೇಳಿದರೆ ನಿಜವನ್ನೇ ಹೇಳಿ, ಯೋಚಿಸಲು ಒಂದು ವಾರ ಕೊಡಿ, ಅವಳಿಗೂ ಹೇಳಲು ಏನಾದರೂ ಇದ್ದರೆ ಅಷ್ಟೇ ಸಾವಧಾನದಿಂದ ಕೇಳಿಸಿಕೊಳ್ಳಿ.