ಹಾಂಗ್‌ಝೌ ಪದಕಗಳ ಬಗ್ಗೆ
2023ರಲ್ಲಿ ಚೀನಾದಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ 2022 ಅಂತ ಯಾಕೆ ಹೆಸರು, ನಮ್ಮ ಕನ್ನಡಿಗರು ಗೆದ್ದರಾ ಅಂತ ಕೇಳಿದ್ದೀರಲ್ಲ. ಕೋವಿಡ್‌ನಿಂದ ಒಂದು ವರ್ಷ ಮುಂದಕ್ಕೆ ಹೋಯಿತು, ಹೆಸರು ಹಾಗೇ ಉಳಿಯಿತು, ಅಷ್ಟೇ. ಭಾರತಕ್ಕೆ 28 ಚಿನ್ನ ಸೇರಿ 107 ಪದಕ ಬಂತು, ನೂರು ದಾಟಿದ್ದು ಅದೇ ಮೊದಲು.

ಗೆದ್ದರು ಸ್ವಾಮಿ! ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಋತುಜಾ ಭೋಸಲೆ ಜೊತೆ ಟೆನಿಸ್ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಚಿನ್ನ ಗೆದ್ದ ಮಹಿಳಾ ಕ್ರಿಕೆಟ್ ತಂಡದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಇದ್ದರು. ನನಗೆ ಜಾಸ್ತಿ ನೆನಪಿರೋದು ಬೆಂಗಳೂರಿನ ಅದಿತಿ ಅಶೋಕ್. ಗಾಲ್ಫ್‌ನಲ್ಲಿ ಕೊನೆ ದಿನ ಏಳು ಹೊಡೆತ ಮುಂದಿದ್ದರು, ಅವತ್ತು ಆಟ ಕೈಕೊಟ್ಟು ಬೆಳ್ಳಿಗೆ ಇಳಿದರು. ಬೇಜಾರಾಯಿತು ನಿಜ, ಆದರೆ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಸಣ್ಣದಲ್ಲ ಅಲ್ವಾ?