ಗಡಿ ದಾಟುವ ಯೋಜನೆಗೆ ಅಭಿವೃದ್ಧಿ ಬ್ಯಾಂಕ್ ಸಾಲ ಕೊಟ್ಟರೆ ಯಾವ ದೇಶದ ಪರಿಸರ ನಿಯಮ ಅನ್ವಯ?

ಆಯಾ ದೇಶದ ಕಾನೂನು ತನ್ನ ನೆಲದ ಕಾಮಗಾರಿಗೆ ಅನ್ವಯಿಸುತ್ತದೆ. ಅದರ ಮೇಲೆ ಬ್ಯಾಂಕಿನ ನಿಯಮವೂ ಇರುತ್ತದೆ. 2018ರಿಂದ ಜಾರಿಯಲ್ಲಿರುವ ವಿಶ್ವಬ್ಯಾಂಕಿನ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿನಲ್ಲಿ 10 ಮಾನದಂಡಗಳಿವೆ. ಮಾಲಿನ್ಯದ ಮಿತಿಯಂಥ ವಿಷಯದಲ್ಲಿ ಎರಡರಲ್ಲಿ ಯಾವುದು ಕಠಿಣವೋ ಸಾಮಾನ್ಯವಾಗಿ ಅದನ್ನೇ ಪಾಲಿಸಬೇಕು.

ಅಣೆಕಟ್ಟಿನ ಯೋಜನೆಯಾದರೆ ಎಡವಟ್ಟಾಗುವುದು ಹೆಚ್ಚಾಗಿ ಅಣೆಕಟ್ಟಿನಿಂದ ದೂರದಲ್ಲಿ. ಲಾವೋಸ್‌ನ ನಾಮ್ ಥೆಯುನ್ 2 ಜಲವಿದ್ಯುತ್ ಯೋಜನೆ ನೋಡಿ: 1,070 ಮೆಗಾವ್ಯಾಟ್, ವಿದ್ಯುತ್ತಿನ ಬಹುಪಾಲು ಥಾಯ್ಲೆಂಡಿಗೆ. ಟರ್ಬೈನಿನಿಂದ ಹೊರಬಂದ ನೀರು ಬೇರೆಯೇ ನದಿಗೆ, ಷೆ ಬಾಂಗ್ ಫಾಯ್‌ಗೆ, ಹೋಗುತ್ತದೆ. ಜಲಾಶಯದ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಕಾಲುವೆಯಲ್ಲಿ ನೀರನ್ನು ಧುಮುಕಿಸಿ ಗಾಳಿ ಬೆರೆಸುವ ಒಡ್ಡು ಕಟ್ಟಿದರು. ಹರಿವಿನ ಏರಿಳಿತ ತಗ್ಗಿಸಲು ನಿಯಂತ್ರಣ ಕೊಳವನ್ನೂ ಮಾಡಿದರು. ಆದರೂ ಬೇಸಿಗೆಯಲ್ಲಿ ಹೊಳೆ ತುಂಬಿಯೇ ಹರಿದು ದಡದ ತರಕಾರಿ ತೋಟಗಳು ಮುಳುಗಿದವು, ಮೀನುಗಾರಿಕೆಗೂ ಪೆಟ್ಟು ಬಿತ್ತು. ಹಾಗಾಗಿ ಯೋಜನೆಯ ಪರಿಸರ ಪರಿಣಾಮ ವರದಿ ಕೈಗೆ ಸಿಕ್ಕಾಗ ನಾನಾದರೆ ಮೊದಲು ಓದುವುದು ಕೆಳಹರಿವಿನ ಅಧ್ಯಾಯವನ್ನೇ.

ಬ್ಯಾಂಕ್ ತನ್ನ ನಿಯಮ ಪಾಲಿಸದೆ ಹಾನಿಯಾದರೆ, ಯೋಜನಾ ಪ್ರದೇಶದ ಕನಿಷ್ಠ ಇಬ್ಬರು ಸೇರಿ ವಿಶ್ವಬ್ಯಾಂಕಿನ ತಪಾಸಣಾ ಸಮಿತಿಗೆ ದೂರು ಕೊಡಬಹುದು. ಅದಕ್ಕೂ ಮೊದಲು ಬ್ಯಾಂಕಿನ ಅಧಿಕಾರಿಗಳಿಗೆ ಬರೆದಿರಬೇಕು; ಆ ಪತ್ರದ ಪ್ರತಿ, ದಿನಾಂಕ ಸಮೇತ, ಇಟ್ಟುಕೊಳ್ಳಿ.